ನಿಮ್ಮ ತಾತ ತಂದ ನೀಲಿ ಶಿಲುಬೆ

…ಬಂಗಾರ ಅಲ್ವೇ ಅಂತ ಕೇಳ್ತೀರಲ್ಲ, ಅಂಚಿಗೆ ಬಂಗಾರ ಇತ್ತು ಕಣ್ರೋ, ಉಳಿದಿದ್ದೆಲ್ಲ ನೀಲಿ, ನಾಲ್ಕು ಕವಲಿನ ಶಿಲುಬೆ, ಕವಲಿನ ಸಂದಿಗೊಂದು ಹದ್ದು. ನಿಮ್ಮ ತಾತ ಜರ್ಮನ್ ಯುದ್ಧದಿಂದ ತಂದಿದ್ದು ಅದೊಂದೇ. ಮೈಸೂರಿನ ಕುದುರೆ ದಂಡು ಸೇರಿ, ಹಡಗು ಹತ್ತಿ, ತುರ್ಕರ ಮರಳುಗಾಡಿಗೆ ಹೋಗಿದ್ರು. ನಾನಿಲ್ಲಿ ಮೊಳಕಾಲ್ಮೂರ ತಾವ ಅತ್ತೆ ಜೊತೆ ನವಣೆ ಗಂಜಿ ಕುಡ್ಕೊಂಡು… ಗಂಜಿ ಅಂದ್ರೇನು, ಬರೀ ನೀರು. ಕಾಳೇ ಸಿಗ್ತಿರಲಿಲ್ಲ. ಅದರ ಮ್ಯಾಲೆ ಊರೂರಿಗೂ ಹಬ್ಬಿದ ವಿಷಜ್ವರ ಬಂದು ನನ್ನ ಚೊಚ್ಚಲ ಕೂಸನ್ನ, ಹೆಣ್ಣು ಕೂಸು, ತಗೊಂಡೋಯ್ತು. ತಾತ ಅದರ ಮುಖಾನೇ ನೋಡಲಿಲ್ಲ.

ಯುದ್ಧ ಮುಗಿಸಿ ಬಂದೋರು ಅಲ್ಲಿಂದು ಏನೂ ಹೇಳ್ತಿರಲಿಲ್ಲ. ನಡುಮಧ್ಯಾಹ್ನ, ಉರಿಬಿಸಿಲು, ಹಿತ್ತಲಾಗೆ ಕೂತು ನೆಲಕ್ಕೆ ನೀರು ಹನಿಸೋರು, ಯಾರದೋ ಬಾಯಿಗೆ ಬಿಟ್ಟಂಗೆ. "ಯಾರಿಗ್ರೀ?" ಅಂದ್ರೆ, "ಅವ್ನಿಗೆ ಕಣೇ, ನಿಂಗೆ ಕಾಣಲ್ವಾ?" ಒಂದಿನ ಬಾಯಿ ಬಿಟ್ರು. ತುರ್ಕರ ಕಡೆಯಿಂದ ಕಾದಾಡ್ತಿದ್ದ ನರೆತ ತಲೆಯ ಜರ್ಮನ್ ಸಾಹೇಬ, ದೊಡ್ಡ ಅಧಿಕಾರಿ, ಹೊಟ್ಟೆಗೆ ಗುಂಡು ತಗಲಿ ಮರಳಾಗೆ ಬಿದ್ದಿದ್ನಂತೆ. ಇವರು ನೀರು ಕೊಟ್ರಂತೆ. ಅವ್ನು ಕೊಳ್ಳಾಗಿದ್ದ ಶಿಲುಬೆ ಬಿಚ್ಚಿ ಇವರ ಕೈಯಾಗಿಟ್ಟು "ಮುತ್ತರ್, ಮುತ್ತರ್" ಅಂತಾನೇ ಪ್ರಾಣ ಬಿಟ್ನಂತೆ. "ಮುತ್ತು ಅಂದ್ನಾ? ನಂಗೇ ಕೊಟ್ನಾ, ಯಾರಿಗಾದ್ರೂ ಕೊಡು ಅಂದ್ನಾ?" ತಾತಂಗೆ ಉಣ್ಣುವಾಗ್ಲೂ ಅದೇ, ಉಳುವಾಗ್ಲೂ ಅದೇ. ಆಗ ನಿಮ್ಮಪ್ಪ ನನ್ನ ಹೊಟ್ಟೆಯಾಗೆ. ಅತ್ತೆ ಕಿರುಚಿದ್ರು, "ಸತ್ತೋನ ಕೊಳ್ಳಾಗಿಂದು ಬಸುರಿ ಇರೋ ಮನೆಯಾಗೆ ಯಾಕೋ? ಬಾವಿಗೆ ಎಸಿ!" ತಾತ ಮೆಲ್ಲಗೆ, "ಎಸೆದ್ರೆ ಬಾವಿಯಾಗಿಂದ ಕೂಗ್ತಾನವ್ವ" ಅಂದ್ರು. ಅವತ್ತಿಂದ ನಂಗೆ ನೀರು ಸೇದಾಕೂ ಭಯ.

ಚಳ್ಳಕೆರೆಗೆ ಒಬ್ರು ಬಿಳಿ ಪಾದ್ರಿ ಬರೋರು. ಜರ್ಮನ್ನೋರು… ಅಲ್ಲಲ್ಲ, ತಡೀರಿ, ಸ್ವಿಸ್ ದೇಶದೋರು, ಮನೆ ಮಾತು ಮಾತ್ರ ಜರ್ಮನ್. ನಾನೇ ಗಾಡಿ ಕಟ್ಟಿಸಿ ತಾತನ್ನ ಕರ್ಕೊಂಡೋದೆ. ಶಿಲುಬೆ ಕಂಡಿದ್ದೇ ಪಾದ್ರಿ ಎದ್ದು ನಿಂತ್ರು. ಅವರದು ಪುಸ್ತಕದ ಕನ್ನಡ ನೋಡ್ರಿ: "ಇದು ಅವರ ಅರಸನು ಕೊಡುವ ಬಹು ದೊಡ್ಡ ಬಿರುದಮ್ಮ, ಕೆಲವೇ ಮಂದಿಗೆ ದೊರೆಯುವುದು. ಹಿಂದಿನ ಒಬ್ಬ ಅರಸನು ಆರಂಭಿಸಿದನು. ಅವನಿಗೆ ಫ್ರೆಂಚ್ ಭಾಷೆಯ ಮೋಹ, ಆದ್ದರಿಂದ ಜರ್ಮನ್ ಬಿರುದಿನ ಮೇಲೆ ಫ್ರೆಂಚ್ ಅಕ್ಷರ. ಯೋಗ್ಯತೆಗಾಗಿ ಎಂದು ಅರ್ಥ. ಈಗ ಅರಸನೇ ಗಾದಿ ಬಿಟ್ಟು ಓಡಿಹೋದನು. ಇನ್ನು ಕೊಡುವವರೂ ಇಲ್ಲ." ತಾತನಿಗೆ ಅದ್ಯಾವುದೂ ಬೇಕಾಗಿರಲಿಲ್ಲ. "ಸ್ವಾಮಿ, ಮುತ್ತರ್ ಅಂದ್ರೇನು?" ಪಾದ್ರಿ, "ಅವ್ವ" ಅಂದ್ರು. "ತನ್ನ ಅವ್ವನನ್ನು ಕರೆದಿದ್ದಾನಪ್ಪ."

ನರೆತ ತಲೆಯೋನು, ನೋಡ್ರಿ! ತಾತ ಅಲ್ಲೇ ಕೂತು ಅತ್ರು, ನಮ್ಮ ಕೂಸು ಹೋದ ಸುದ್ದಿಗೂ ಅಳದೋರು. ಶಿಲುಬೆ ಪಾದ್ರಿ ಕೈಗಿಟ್ಟು, "ಅವ್ನ ಮನೆಗೆ ಮುಟ್ಟಿಸ್ರಿ ಸ್ವಾಮಿ" ಅಂದ್ರು. "ಈ ಬಿರುದನ್ನು ತೊಟ್ಟವರು ಕೆಲವರೇ, ಹುಡುಕಿದರೆ ಮನೆ ಸಿಕ್ಕೀತು" ಅಂದ್ರು ಪಾದ್ರಿ. ಮುಟ್ತೋ ಇಲ್ವೋ, ದೇವರಿಗೇ ಗೊತ್ತು. ತಾತ ಪೂರ್ತಿ ಸರಿಹೋದ್ರು ಅಂದ್ಕೋಬ್ಯಾಡ್ರಿ, ಬ್ಯಾಸಿಗೆ ಬಂತಂದ್ರೆ ಸಾಯೋಗಂಟ ಹಂಗೇ ಮಂಕಾಗೋರು. ಆದ್ರೆ ನಿಮ್ಮಪ್ಪ ಸುಸೂತ್ರ ಹುಟ್ಟಿದ. ಇನ್ನೊಬ್ರದ್ದು, ಸತ್ತೋರದ್ದೇ ಆಗ್ಲಿ, ಎಂಥ ಬಂಗಾರಾನೇ ಆಗ್ಲಿ, ಮನೆಯಾಗೆ ಇಟ್ಕೋಬಾರ್ದು ಕಣ್ರೋ, ಅವರೋರಿಗೆ ಸೇರಿಸ್ಬೇಕು. ಏಳ್ರಿ, ಮುದ್ದೆ ಆರ್ತೈತೆ.