ತಿಮಿಂಗಿಲದ ಬೆನ್ನಟ್ಟಿದ ಅಪ್ಪ

ಒಂದೂರಲ್ಲಿ ಒಬ್ಬ ಸಿರಿವಂತ. ಅವನಿಗೆ ಕಾಯಲು ಬರುತ್ತಿರಲಿಲ್ಲ. ಹದಿನೈದರ ಮಗಳು ಯಾಕೋ ಸೊರಗಿದ್ದಾಳೆ ಅನ್ನಿಸಿದ ದಿನವೇ ಅವಳ ಡೈರಿ ತೆಗೆದು ಓದಿಬಿಟ್ಟ. ಕೆಟ್ಟವನಲ್ಲ, ನೋಡಿ. ಹೆದರಿದ್ದ. ಆದರೆ ಮಗಳು ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು. 'ಹೂಂ', 'ಊಹೂಂ'. ಅಷ್ಟೇ.

ಅವನೇನು ಮಾಡಿದ? ನಾವು ಮಾಡುವುದನ್ನೇ. ಬೆನ್ನು ಹತ್ತಿದ. ಊಟದಲ್ಲಿ ಪ್ರಶ್ನೆ, ಕಾರಿನಲ್ಲಿ ಪ್ರಶ್ನೆ. ಕೊನೆಗೆ, ಹನ್ನೊಂದು ತಿಂಗಳು ಹೀಗೇ ಕಳೆದ ಮೇಲೆ, ರಜೆಯಲ್ಲಿ ಕಡಲಿಗೆ ಕರೆದೊಯ್ದು, ಇಬ್ಬರೇ ಕೂರುವ ಸಣ್ಣ ಕಯಾಕ್ ದೋಣಿ ಹತ್ತಿಸಿದ. ಮಗಳು ಮುಂದೆ, ಬಿಸಿಲಿಗೆ ಟೋಪಿ ಹಾಕಿಕೊಂಡ ಇವನು ಹಿಂದೆ. ನೀರಿನ ನಡುವೆ ಎದ್ದು ಎಲ್ಲಿಗೆ ಹೋದಾಳು?

ದಾರಿ ತೋರಿಸಲು ಇನ್ನೊಂದು ಕಯಾಕಿನಲ್ಲಿ ಮೀನುಗಾರರ ಹೆಂಗಸೊಬ್ಬಳು ಬಂದಿದ್ದಳು. ದಡ ಸಣ್ಣದಾಗುತ್ತಿದ್ದಂತೆ ಎದುರಿಗೆ ನೀರು ಉಬ್ಬಿ ಕಪ್ಪು ಬೆನ್ನೊಂದು ಎದ್ದಿತು. ತಿಮಿಂಗಿಲ. ಪಕ್ಕದಲ್ಲಿ ಮರಿ. ಮಗಳಿಗೆ ಹತ್ತಿರದಿಂದ ತೋರಿಸುವ ಆಸೆಗೆ ಅವನು ಬಿರುಸಾಗಿ ಹುಟ್ಟು ಹಾಕಿದ. ಎರಡೂ ಮುಳುಗಿದವು. ಅತ್ತ ಎದ್ದವು, ಅತ್ತ ತಿರುಗಿಸಿದ. ಮತ್ತೆ ಮುಳುಗಿದವು.

"ಹುಟ್ಟು ಮೇಲೆತ್ತಿ ಸಾಹುಕಾರ್ರೇ!" ಹೆಂಗಸು ಕೂಗಿದಳು. "ಅದೇನ್ ನಿಮ್ಮ ಅಂಗಡಿ ಆಳಾ, ಕರ್ದ ಕೂಡ್ಲೆ ಬರೂಕೆ? ಬಾಣಂತಿ ಅದು!"

"ಮತ್ತೇನ್ ಮಾಡ್ಲಮ್ಮಾ?"

"ದೋಣಿ ಪಕ್ಕೆ ಮೆಲ್ಲಗೆ ತಟ್ಟಿ. ನೀವೆಲ್ಲಿದ್ದೀರಿ ಅಂತ ಅದಕ್ಕೆ ಗೊತ್ತಾಗ್ಲಿ. ಆಮೇಲೆ ಸುಮ್ನಿರಿ. ಬಂದ್ರೆ ಬಂತು. ಬರ್ದಿದ್ರೆ ಅದರಿಷ್ಟ."

ತಟ್ಟಿದ. ಟಕ್, ಟಕ್. ತಟ್ಟಿ ಕಾದ. ಎಷ್ಟು ಹೊತ್ತು? ಒದ್ದೆ ಕೈ ಒಣಗಿ ಉಪ್ಪು ಬಿಳಿಚುವಷ್ಟು ಹೊತ್ತು. 'ಬಾ' ಎನ್ನಲಿಲ್ಲ. ಮಗಳಿಗೆ 'ನೋಡು' ಎಂದೂ ಹೇಳಲಿಲ್ಲ.

ಮರಿ ಬಂತು. ತೋಳಳತೆಯಲ್ಲಿ ತಲೆ ಎತ್ತಿ ಉಸಿರು ಬಿಟ್ಟಿತು. ಹನಿಗಳು ಇಬ್ಬರ ಮುಖಕ್ಕೂ ಎರಚಿದವು. ತಾಯಿ ಆಚೆ ಇತ್ತು. ಅಡ್ಡ ಬರಲಿಲ್ಲ, ದೂರವೂ ಹೋಗಲಿಲ್ಲ.

ಮಗಳು ಮುಖ ಒರೆಸಿಕೊಳ್ಳದೆ, ಹಿಂದೆ ತಿರುಗದೆ ಅಂದಳು: "ಅಪ್ಪಾ, ಅವತ್ತು ಒಂದೆರಡು ದಿನ ತಡೆದಿದ್ರೆ ನಾನೇ ಹೇಳ್ತಿದ್ದೆ."

ಅವನ ಬಾಯಿಗೆ ನೂರು ಸಮಜಾಯಿಷಿ ಬಂದವು. ನುಂಗಿದ. "ತಪ್ಪಾಯ್ತು ಮಗಳೇ."

ಆಗ ತಿರುಗಿದಳು. ನೋಡಿದಳು. ನಕ್ಕುಬಿಟ್ಟಳು. "ನಿನ್ ಟೋಪಿ ಎಲ್ಲಪ್ಪಾ? ಸಮುದ್ರಕ್ಕೆ ಕೊಟ್ಯಾ?"

ಈಗ ನಿಮ್ಮ ವಿಷಯಕ್ಕೆ ಬರೋಣ. ಮೊನ್ನೆ ಯಾರ ಫೋನು ತೆಗೆದು ನೋಡಿದಿರಿ? ಮಗನದೋ? ಸೊಸೆಯದೋ? ಪ್ರೀತಿಯಿಂದಲೇ ನೋಡಿದಿರಿ, ಗೊತ್ತು. ಪ್ರೀತಿ ಇದ್ದರೆ ಅಪ್ಪಣೆ ಬೇಡ ಎಂದುಕೊಂಡಿರಿ. ಬೇಕು. ದೇವರೇ ನಾವು ಕರೆಯುವವರೆಗೆ ಕಾಯುತ್ತಾನೆ, ನಮಗೇನು ಅವಸರ? ಇವತ್ತು ಮನೆಗೆ ಹೋದವರು, ಮಕ್ಕಳ ಕೋಣೆ ತೆರೆದೇ ಇದ್ದರೂ ಬಾಗಿಲು ತಟ್ಟಿ, ಹೊಸಿಲಿನ ಈಚೆ ನಿಲ್ಲಿ. 'ಈಗ ಬೇಡ' ಎಂದರೆ ತಿರುಗಿ ಬನ್ನಿ. ಊಟಕ್ಕೆ ಕರೆಯಿರಿ, ಪ್ರಶ್ನೆ ಬಡಿಸಬೇಡಿ.

ಆ ಅಪ್ಪನಿಗೆ ಮಗಳು ಸಿಕ್ಕಳು. ಸಿಗದೆ ಹೋದದ್ದು ಒಂದು ಟೋಪಿ, ಅವಳ ಹನ್ನೊಂದು ತಿಂಗಳ ಮಾತು.