ನೆರಳು ಪರದೆ

ಮಾನ್ಯ ಅಧ್ಯಕ್ಷರಾದ ಭೀಮಾಶಂಕರ ಅವರೇ, ವೇದಿಕೆಯ ಹಿರಿಯರೇ, ರವಿವಾರದ ನಿದ್ದೆ ಬಿಟ್ಟು ಹೈದರಾಬಾದಿನ ಮೂಲೆಮೂಲೆಯಿಂದ ಬಂದಿರುವ ಸಭಿಕರೇ,

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ನನಗೆ 'ಪ್ರಗತಿಪರ ಬೆಳೆಗಾರ' ಎಂದು ಶಾಲು ಹೊದಿಸಿದ್ದೀರಿ. ಜೀವನವಿಡೀ ರೈಲ್ವೆ ಆಫೀಸಿನ ಕುರ್ಚಿಯಲ್ಲಿ ಕೂತವನನ್ನು, ಮಲ್ಕಾಜ್‌ಗಿರಿಯ ಮನೆಯಲ್ಲಿ ತುಳಸಿಗೂ ಹೆಂಡತಿಯಿಂದಲೇ ನೀರು ಹಾಕಿಸುವವನನ್ನು ಬೆಳೆಗಾರನೆಂದು ಗುರುತಿಸಿದ ನಿಮ್ಮ ಕಣ್ಣಿಗೆ ಏನೆನ್ನಲಿ?

ಶಂಕರಪಲ್ಲಿ ಕಡೆ ನನ್ನದೊಂದು ತುಂಡು ಹೊಲವಿದೆ, ನಿಜ. ಹೈಟೆಕ್ ಸಿಟಿ ಎದ್ದ ಮೇಲೆ, ಇಂದಲ್ಲ ನಾಳೆ ಒಳ್ಳೆಯ ದರ ಬಂದೀತೆಂದು ಕೊಂಡದ್ದು. ಕಾಯಲು ಯಾರಾದರೂ ಬೇಕಿತ್ತು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಗೊಲ್ಲಾಳಪ್ಪ ಮತ್ತು ಅವನ ಹೆಂಡತಿ ಸಾಬಮ್ಮ ಅಲ್ಲಿ ನೆಲೆ ನಿಂತರು. ಬದನೆ, ಟೊಮೆಟೊ ಸಸಿ ಬೆಳೆಸಿ ಸುತ್ತಲಿನ ರೈತರಿಗೆ ಮಾರುತ್ತಾರೆ. ಅದೇ ಅವರ ಅನ್ನ. ಸಸಿ ಬೆಳೆಸಿದವರು ಅವರು. ನನ್ನ ಕಡೆಯಿಂದ ಬೆಳೆದದ್ದು ಹೊಲದ ದರ ಮಾತ್ರ.

ಸಸಿಗೆ ನೆರಳು ಪರದೆ ಹಾಕುವ ಬೆಳೆಗಾರರಿಗೆ ಸರ್ಕಾರ ಸಹಾಯಧನ ಕೊಡುತ್ತದೆಂದು ಪತ್ತೆ ಹಚ್ಚಿದವನೂ ಗೊಲ್ಲಾಳಪ್ಪನೇ. ಪರದೆಗೂ ಕಂಬಕ್ಕೂ ಕೈಯಿಂದ ದುಡ್ಡು ಹಾಕಿದವನು ಅವನು. ಪಹಣಿ ನನ್ನ ಹೆಸರಿನಲ್ಲಿತ್ತು, ಹಾಗಾಗಿ ಹಣ ಬಂದದ್ದು ನನ್ನ ಖಾತೆಗೆ. ಅಧಿಕಾರಿಗಳು ಫೋಟೊ ತೆಗೆಯುವಾಗ ಅವನಿಗೆ ಆಚೆ ಸರಿ ಎಂದಿದ್ದೆ. ಇವತ್ತಿನ ಆಮಂತ್ರಣದಲ್ಲಿ ಅಚ್ಚಾಗಿರುವುದು ಅದೇ ಫೋಟೊ. ಸಸಿಯ ಮೇಲೆ ಕೈಯಿಟ್ಟು ನಗುತ್ತಿರುವವನು ನಾನು.

ಸಂಘದ ಸಭಾಂಗಣದ ರಿಪೇರಿ ನಡೆದಿದೆ. ಅಂಗಳದಲ್ಲಿ ಸಭೆ ಎಂದಾಯಿತು. ನಿನ್ನೆ ಪೆಂಡಾಲಿನವನು ಕೈಕೊಟ್ಟ. "ಚಿಂತಿಸಬೇಡಿ, ನನ್ನ ಪರದೆ ಇದೆ," ಎಂದೆ. ನನ್ನ ಪರದೆ, ನೋಡಿ! ಒಂದು ಫೋನಿಗೆ ಗೊಲ್ಲಾಳಪ್ಪ ಅದನ್ನು ಬಿಚ್ಚಿ, ಟೆಂಪೊದಲ್ಲಿ ಹೇರಿ ತಂದು ಇಲ್ಲಿ ಕಟ್ಟಿದ. ನೀವೆಲ್ಲ ತಂಪಾಗಿ ಕೂತಿರುವುದು ಅದರ ಕೆಳಗೆ.

ಈಗ ವೇದಿಕೆ ಹತ್ತುವಾಗ ಅವನು ಕೇಳಿದ, "ಸಾಹೇಬರ, ಭಾಷಣ ಭಾಳೊತ್ತು ನಡೀತೈತೇನ್ರಿ?"

"ಯಾಕೋ, ಕೇಳಾಕ ಅಷ್ಟು ಅವಸರ ಆಗೈತೇನು?" ಎಂದು ನಕ್ಕೆ.

"ಹಂಗಲ್ರಿ. ಸಸಿ ಇನ್ನಾ ಎಳೇವು ಅದಾವ್ರಿ. ನಮ್ಮಾಕಿ ತನ್ನ ಸೀರಿ ಎಲ್ಲಾ ತಂದು ಹೊಚ್ಯಾಳ. ಎರಡು ಸಸಿ ಮಡಿಗೆ ಅಷ್ಟ ಸಾಲ್ಯಾವ್ರಿ. ಉಳದದ್ದು ಬಿಸಲಾಗ ಐತಿ."

ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಗದರಲು ಬಾಯಿ ತೆರೆದೆ. ಹೇಳಿದ್ದರೆ ನಾನು ಕೇಳುತ್ತಿದ್ದೆನೇ? ಕೇಳುವವನಂತೆ ಅವನ ಮುಂದೆ ಎಂದಾದರೂ ನಿಂತಿದ್ದೆನೇ?

ನನಗೆ ನಾಚಿಕೆಯಾಗುತ್ತಿದೆ, ಬಂಧುಗಳೇ. ನಿಮ್ಮ ಮುಖ ನೋಡಿ ಮಾತಾಡಲು ಆಗುತ್ತಿಲ್ಲ. ಆ ಸಹಾಯಧನ ಅವನ ಕೈ ಸೇರಬೇಕಾದದ್ದು. ಅದನ್ನು ಕೊಡುತ್ತೇನೆಂದು ಇಲ್ಲಿ ಘೋಷಿಸಿ ಇನ್ನೊಂದು ಚಪ್ಪಾಳೆ ಹೊಡೆಸಿಕೊಳ್ಳಲಾರೆ. ಅದು ನಾನೂ ಅವನೂ ಕೂತು ಮುಗಿಸುವ ಮಾತು.

ಬರೆದು ತಂದ ಭಾಷಣ ಇನ್ನೂ ಇದೆ, ಓದುವುದಿಲ್ಲ. ದಯವಿಟ್ಟು ಎಲ್ಲರೂ ವರಾಂಡದ ಕಡೆ ಸರಿಯಿರಿ. ಜಾಗ ಸಿಗದವರು ಬಿಸಿಲಲ್ಲಿ ನಿಲ್ಲಬೇಕಾದೀತು, ಕ್ಷಮಿಸಿ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆ ಧನ್ಯವಾದ, ನಮಸ್ಕಾರ.

ಗೊಲ್ಲಾಳಪ್ಪ, ಬಾರಪ್ಪ. ಆ ಕಡೆ ಹಗ್ಗ ನೀ ಬಿಚ್ಚು, ಈ ಕಡೆದು ನಾ ಬಿಚ್ಚತೀನಿ. ಈ ಶಾಲೂ ತಗೊಂಡು ಹೋಗು. ಪರದಾ ಕಟ್ಟೋತನಕ ಒಂದು ಮಡಿಗಾದರೂ ಆಗ್ತೈತಿ.