ವಿದ್ಯಾಳ ಯಂತ್ರಗಳು ನಡೆದಿದ್ದವು

ಅಧ್ಯಕ್ಷರಾದ ಚೌಡಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ಹಾನಗಲ್ಲಿನ ಸಭಿಕರೇ, ಕಳೆದ ಏಪ್ರಿಲ್‌ನಲ್ಲಿ, ವಾರ್ಷಿಕೋತ್ಸವದ ಸಂಜೆ, ಇದೇ ಸಭಾಂಗಣದಲ್ಲಿ ಒಬ್ಬ ಹುಡುಗಿಗೆ ಅನ್ಯಾಯವಾಯಿತು. ನನ್ನ ಬೀಳ್ಕೊಡುಗೆಯಲ್ಲಿ ಈ ಮಾತೇಕೆ ಎನ್ನುತ್ತೀರಾ? ನಾಳೆಯಿಂದ ಈ ಕಾಲೇಜಿನ ಗ್ರಂಥಾಲಯದ ಕೀಲಿಕೈ ನನ್ನ ಬಳಿ ಇರುವುದಿಲ್ಲ. ಇಂದು ಮೈಕಾದರೂ ಇದೆ.

ಹುಡುಗಿ ವಿದ್ಯಾ, ಸವಣೂರಿನವಳು, ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ಹುಣಸೆಬೀಜದಷ್ಟೇ ಗಾತ್ರದ ಯಂತ್ರಗಳನ್ನು ಮಾಡಿದ್ದಳು. ಕೂದಲೆಳೆಯಂಥ ಕಾಲುಗಳು. ಒಳಗೆ ಸೆಲ್ ಇಲ್ಲ, ಹೊರಗೆ ವೈರ್ ಇಲ್ಲ. ಗಾಜಿನ ತೊಟ್ಟಿಯಲ್ಲಿ ನೀರು, ತೊಟ್ಟಿಯ ಕೆಳಗೆ ತಾಮ್ರದ ತಂತಿಯ ಸುರುಳಿ. ಸುರುಳಿಗೆ ವಿದ್ಯುತ್ ಕೊಟ್ಟರೆ ಅದು ಮುಟ್ಟದೆಯೇ ಯಂತ್ರಗಳನ್ನು ತಲುಪುತ್ತಿತ್ತು; ಅವು ನೀರಿನ ಮೇಲೆ ನಡೆಯುತ್ತಿದ್ದವು.

ಅಂದು ಮುಂಜಾನೆ ನನಗೇ ಮೊದಲು ತೋರಿಸಿದಳು. “ಬಗ್ಗಿ ನೋಡ್ರಿ ಸರ್ರ. ಆದ್ರ ಜೋರಾಗಿ ಉಸಿರು ಬಿಡಬ್ಯಾಡ್ರಿ, ಬೋರಲ ಬೀಳ್ತಾವ.” ಬಗ್ಗಿದೆ. ಈ ವಯಸ್ಸಿನಲ್ಲಿ ಬಗ್ಗುವುದು ಸುಲಭ, ಏಳುವುದು ಕಷ್ಟ.

ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಮಲ್ಲಿಕಾ ಆನೆಕೆರೆಯ ದಂಡೆಯಲ್ಲಿ ಕೂತು, ನೀರಿನ ಮೇಲೆ ಓಡಾಡುವ ಹುಳಗಳನ್ನು ತೋರಿಸಿ ಕೇಳಿದ್ದಳು: “ಏನ್ರಿ, ಅಷ್ಟು ಪುಸ್ತಕ ಓದತೀರಿ. ಇವುಗಳ ಕಾಲು ಯಾಕ ತೋಯಂಗಿಲ್ಲ, ಹೇಳ್ರಿ ನೋಡೂಣು?” ನನಗೆ ಗೊತ್ತಿರಲಿಲ್ಲ. ಆ ಕಾಲಿನ ತುಂಬ ನೀರು ಹತ್ತಗೊಡದ ಸಣ್ಣ ರೋಮಗಳಿರುತ್ತವೆ ಎಂದು ನಾನು ಓದಿ ತಿಳಿಯುವಷ್ಟರಲ್ಲಿ ಅವಳೇ ಇರಲಿಲ್ಲ. ಉತ್ತರ ನನ್ನ ಬಳಿ ಉಳಿಯಿತು. ಯಾರಿಗೆ ಹೇಳಲಿ? ನಮಗೆ ಮಕ್ಕಳಿಲ್ಲ. ಅದಿರಲಿ. ಒಂದು ದಿನ ವಿದ್ಯಾಳಿಗೆ ಹೇಳಿದೆ. ಅವಳು ಕೇಳಿ ಸುಮ್ಮನಾಗಲಿಲ್ಲ, ಮಾಡಿಯೇ ಬಿಟ್ಟಳು. ತೊಟ್ಟಿಯ ಮೇಲೆ ಬಗ್ಗಿದ್ದಾಗ “ಮಲ್ಲಿಕಾ, ಇಲ್ಲಿ ಬಾ” ಎಂಬ ಮಾತು ನನ್ನ ಬಾಯಿತನಕ ಬಂದಿತ್ತು.

ಸಂಜೆ ಏನಾಯಿತು? ವಿಜ್ಞಾನ ಸ್ಪರ್ಧೆಯ ಪರೀಕ್ಷಕರು ತೊಟ್ಟಿಯ ಬಳಿ ಬರುವ ಹೊತ್ತಿಗೇ ವೇದಿಕೆಯಲ್ಲಿ ಸನ್ಮಾನ ಶುರುವಾಯಿತು. ಸೌಂಡ್ ಬಾಕ್ಸಿಗೆ ಪ್ಲಗ್ಗಿನ ಜಾಗ ಸಾಲಲಿಲ್ಲ. ಯಾರೋ ವಿದ್ಯಾಳ ಪ್ಲಗ್ ಕಿತ್ತು ಸೌಂಡ್ ಬಾಕ್ಸಿನದನ್ನು ಸಿಕ್ಕಿಸಿದರು. ನಡುನೀರಿನಲ್ಲಿ ಯಂತ್ರಗಳು ನಿಂತವು. “ಏನವಾ, ನಿನ್ನ ಹುಳಾ ನಿದ್ದಿ ಹೊಡ್ಯಾಕತ್ತಾವೇನ?” ಎಂದರು ಅತಿಥಿಯೊಬ್ಬರು. ಸಭೆ ನಕ್ಕಿತು. ಸನ್ಮಾನಕ್ಕೆಂದು ನನಗೆ ಹೊದಿಸಿದ್ದ ಶಾಲಿನಲ್ಲೇ ವೇದಿಕೆಯಿಂದ ಇಳಿದು ಬಂದೆ. ನೆಲಕ್ಕೆ ಬಿದ್ದ ಪ್ಲಗ್ಗನ್ನು ಎತ್ತಿ ಹಿಡಿದು ಕೂಗಿದೆ. ನಿಮಗೆ ಕೇಳಿಸಲಿಲ್ಲ. ಸೌಂಡ್ ಬಾಕ್ಸಿನಲ್ಲಿ ನನ್ನದೇ ಗುಣಗಾನ ನಡೆದಿತ್ತು!

ಆಮೇಲೆ, ಅಧ್ಯಕ್ಷರೇ, ‘ಯಂತ್ರ ಚಲಿಸಲಿಲ್ಲ’ ಎಂದು ನೀವೇ ಫಲಿತಾಂಶ ಸಾರಿದಿರಿ. ಮರುದಿನ ನಾನು ವಿವರಿಸಿದರೆ, “ಬಿಡ್ರಿ ಸರ್, ಆಗಿದ್ದು ಆಗೇತಿ” ಎಂದಿರಿ. ಯಾರಿಗೆ ಆಗಿದ್ದು, ಸ್ವಾಮಿ?

ವಿದ್ಯಾ ಮತ್ತೆ ಕಾಲೇಜಿಗೆ ಬರಲಿಲ್ಲ. ಸವಣೂರಿಗೆ ಹೋದೆ. ಮನೆಯ ಪಡಸಾಲೆಯಲ್ಲಿ ವೀಳ್ಯದೆಲೆ ಜೋಡಿಸುತ್ತಾ ಕೂತಿದ್ದಳು. “ಚಾ ಕುಡೀರಿ ಸರ್ರ. ಆ ವಿಷಯ ಮಾತ್ರ ಬ್ಯಾಡ್ರಿ. ಅವು ನಡದಿದ್ದು ನೀವೊಬ್ರ ನೋಡೀರಿ. ನಡೀಲಿಲ್ಲ ಅಂತ ಅಷ್ಟೂ ಮಂದಿ ನಕ್ಕಾರ.” ನಾನು ಏಳುವಾಗ, ಎಲೆಯಿಂದ ಕಣ್ಣೆತ್ತದೆ ಅಂದಳು: “ಅಧ್ಯಕ್ಷರು ಅದ ಮಂದಿ ಮುಂದ ಖರೇ ಹೇಳಲಿ. ಬರ್ತೇನಿ.”

ಕೊನೆಯ ವರ್ಷದ ಪ್ರವೇಶ ಈ ವಾರ ಮುಗಿಯುತ್ತದೆ.

ಸಭಿಕರೇ, ಇಷ್ಟು ವರ್ಷ ನನ್ನನ್ನು ಸಹಿಸಿದ್ದಕ್ಕೆ ಋಣಿ. ಎಲ್ಲರಿಗೂ ನಿಂತಲ್ಲಿಂದಲೇ ನಮಸ್ಕಾರ. ಅಧ್ಯಕ್ಷರೇ, ಈಗ ನೀವು ಮೈಕಿನ ಮುಂದೆ ಬನ್ನಿ. ಆ ಹುಡುಗಿಯ ಯಂತ್ರ ಕೆಟ್ಟಿತ್ತೇ, ಅದರ ವಿದ್ಯುತ್ತನ್ನು ನಾವು ಕಿತ್ತೆವೇ? ಎಲ್ಲರೆದುರು ಹೇಳಿ.